ನಂದಿಯಲ್ಲಿ ಗಾಂಧೀಜಿ

ದೇವನಹಳ್ಳಿಯ ಬಯಲಿನಿಂದ ನಂದಿಬೆಟ್ಟವನ್ನು ಕಂಡಾಗಲೆಲ್ಲ, ಅಲ್ಲಿ ವಿಶ್ರಮಿಸಿದ ಒಬ್ಬ ರೋಗಿಯ ಸ್ಮರಣೆ ನನಗಾಗುತ್ತದೆ. 1927ರ ಮಾರ್ಚ್ ಕೊನೆಯಲ್ಲಿ, ಖಾದಿ ಪ್ರವಾಸದ ನಡುವೆ ಕೊಲ್ಹಾಪುರದಲ್ಲಿ ಗಾಂಧೀಜಿಯವರ ಆರೋಗ್ಯ ಕುಸಿಯಿತು. ರಕ್ತದ ಒತ್ತಡ ಏರಿತ್ತು. ಏಪ್ರಿಲಿನಲ್ಲಿ ಅವರನ್ನು ನಂದಿಗೆ ಕರೆತಂದರು.

ಅನ್ನಪಾನಗಳನ್ನು ಬಿಡುವುದು ಅವರಿಗೆ ಸುಲಭವಾಗಿತ್ತು. ದೇಹ ಬೇಡಿದ್ದನ್ನು ಸ್ವೀಕರಿಸುವುದೇ ಕಷ್ಟ. ಹಾಲಿನ ಪ್ರಸಂಗವನ್ನೇ ನೋಡಬಹುದು. ಹಾಲು ಇಂದ್ರಿಯಗಳನ್ನು ಕೆರಳಿಸುವುದೆಂಬ ನಂಬಿಕೆಯಿಂದ, ಕಲ್ಕತ್ತೆಯಲ್ಲಿ ಹಸು ಎಮ್ಮೆಗಳಿಗಾಗುತ್ತಿದ್ದ ಹಿಂಸೆಯನ್ನು ಓದಿದ ನೋವಿನಿಂದ, 1912ರಲ್ಲಿ ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಅದನ್ನು ತ್ಯಜಿಸಿದ್ದರು. 1918ರಲ್ಲಿ ಆಮಶಂಕೆ ಅವರನ್ನು ಸಾವಿನ ಹೊಸ್ತಿಲಿಗೊಯ್ದಿತು. ವೈದ್ಯರು ಹಾಲನ್ನು ವಿಧಿಸಿದರು, ಇವರು ಒಲ್ಲೆನೆಂದರು. ಆಡಿನ ಹಾಲಿಗೆ ಆ ವ್ರತ ಅಡ್ಡಬಾರದೆಂದು ದಾರಿ ತೋರಿಸಿದವರು ಕಸ್ತೂರಬಾ. ಗಾಂಧೀಜಿ ಕುಡಿದರು, ಚೇತರಿಸಿಕೊಂಡರು. ಆದರೆ ವ್ರತದ ಅಕ್ಷರವುಳಿದು ಭಾವ ಅಳಿಯಿತೆಂಬ ಕೊರಗು ಅವರನ್ನು ಬಿಡಲಿಲ್ಲ. ಸತ್ಯಾಗ್ರಹಕ್ಕಾಗಿ ಬದುಕಬೇಕೆಂಬ ಆಸೆಯೇ ತಮ್ಮನ್ನು ಸೋಲಿಸಿತೆಂದು ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ನನಗಂತೂ ಕಸ್ತೂರಬಾ ಅವರ ವಿವೇಕವೇ ಮೇಲೆನಿಸುತ್ತದೆ.

ನಂದಿಯಲ್ಲಿ ಸ್ವೀಕರಿಸಬೇಕಾದದ್ದು ವಿಶ್ರಾಂತಿ. ದೇಹವನ್ನು ಸೇವೆಯ ಉಪಕರಣವೆಂದೇ ಬಗೆದವರಿಗೆ ಅದು ಉಪವಾಸಕ್ಕಿಂತ ಕಠಿನವಾದ ವ್ರತ. ಪ್ರವಾಸ ನಿಂತಿತು, ಲೇಖನಿ ಪೂರ್ತಿ ನಿಲ್ಲಲಿಲ್ಲ. ಆತ್ಮಕಥೆ ನವಜೀವನದಲ್ಲಿ ಕಂತುಕಂತಾಗಿ ಬರುತ್ತಿದ್ದ ಕಾಲವದು. ಆದರೂ ಸುಮಾರು ಒಂದೂವರೆ ತಿಂಗಳು ಬೆಟ್ಟದ ಮೇಲೆಯೇ ಇದ್ದರು. ಜೂನ್ ಮೊದಲಲ್ಲಿ ಬೆಂಗಳೂರಿಗಿಳಿದು, ಅಲ್ಲಿಯೂ ಕೆಲವು ವಾರ ವಿಶ್ರಮಿಸಿ, ಜುಲೈಯಲ್ಲಿ ಖಾದಿ ಪ್ರದರ್ಶನವನ್ನು ಉದ್ಘಾಟಿಸಿದರು. ಬಳಿಕ ಮೈಸೂರು ಸೀಮೆಯ ಸಂಚಾರಕ್ಕೆ ಹೊರಟರು.