ಗುಡುಗುಡಿಯ ಪದಕಾರ

ಶಿಶುನಾಳದ ಶರೀಫ ಸಾಹೇಬರ ಪದಗಳನ್ನು ಕೇಳದ ಕನ್ನಡಿಗನು ವಿರಳ. ಕೋಡಗ ಕೋಳಿಗಳ ಪದ, ಸೋರುವ ಮಾಳಿಗೆಯ ಪದ, ತಂಬೂರಿಯ ಪದ, ಇವು ಓದು ಬರಹ ಬಾರದವರ ನಾಲಗೆಯ ಮೇಲೂ ನೆಲೆ ನಿಂತಿವೆ. ಪಾಠ ಹೇಳುವ ನಾವೂ ಅವುಗಳನ್ನು ಧೈರ್ಯದಿಂದಲೇ ತರಗತಿಗೆ ಒಯ್ಯುತ್ತೇವೆ. ಗುಡುಗುಡಿಯ ಪದದ ಸರದಿ ಬಂದಾಗ ಮಾತ್ರ ತುಸು ಅಳುಕು. ಹೊಗೆ ಸೇದಿ ನೋಡೆಂದು ಕರೆಯುವ ಪದವನ್ನು ಹದಿನೆಂಟರ ಹುಡುಗರ ಮುಂದೆ ಹೇಗೆ ಇಡುವುದು? ಇದು ಬರಿಯ ರೂಪಕ, ಇಲ್ಲಿ ಹೊಗೆಯೆಂದರೆ ಹೊಗೆಯಲ್ಲ, ಚಿಲುಮೆಯೆಂದರೆ ಚಿಲುಮೆಯಲ್ಲ ಎಂದು ಅವಸರದಿಂದ ಹೇಳಿ ಮುಂದಿನ ಪದಕ್ಕೆ ಸರಿದುಬಿಡುತ್ತೇವೆ. ನಾನೂ ಹಲವು ವರ್ಷ ಹಾಗೆಯೇ ಮಾಡಿದವನು. ಆ ಅವಸರವು ಶರೀಫರಿಗೆ ಮಾಡಿದ ಅನ್ಯಾಯವೆಂದು ಈಗ ತೋರುತ್ತಿದೆ. ಅವರ ಬದುಕನ್ನು ಮತ್ತೊಮ್ಮೆ ನೆನೆಯುವುದಕ್ಕೆ ಅದೇ ಕಾರಣವಾಯಿತು.

ಪೇಶವಾಯಿ ಮುರಿದುಬಿದ್ದು ಧಾರವಾಡ ಸೀಮೆ ಇಂಗ್ಲಿಷರ ಕೈಸೇರಿದ ಮರುವರ್ಷ, 1819ರಲ್ಲಿ, ಶಿಶುನಾಳದ ಒಂದು ಬಡ ಮುಸಲ್ಮಾನ ಮನೆಯಲ್ಲಿ ಶರೀಫರು ಹುಟ್ಟಿದರು. ಊರು ಶಿಗ್ಗಾಂವಿ ತಾಲೂಕಿನದು; ಅಂದು ಧಾರವಾಡ ಜಿಲ್ಲೆ, 1997ರಿಂದ ಹಾವೇರಿ ಜಿಲ್ಲೆ. ತಂದೆ ಇಮಾಮ್ ಸಾಹೇಬರು, ತಾಯಿ ಹಜ್ಜುಮಾ. ಸಮೀಪದ ಹುಲಗೂರಿನ ಖಾದರಿ ಸಂತರಲ್ಲಿ ಆ ಮನೆತನಕ್ಕೆ ಅಪಾರ ಭಕ್ತಿ. ಹಾಗೆಂದು ಆ ಮನೆಯ ಬಾಗಿಲು ಒಂದೇ ದಿಕ್ಕಿಗೆ ತೆರೆದುದಾಗಿರಲಿಲ್ಲ. ಶರಣರ ಕಥೆಗಳು, ಪುರಾಣ ಪ್ರವಚನಗಳು, ಬಯಲಾಟ, ಮೊಹರಮ್ಮಿನ ಹಾಡು, ಇವೆಲ್ಲ ಆ ಕಾಲದ ಹಳ್ಳಿಯ ಬಾಲಕನ ಕಿವಿಗೆ ಒಟ್ಟಿಗೇ ಬೀಳುತ್ತಿದ್ದವು. ಯಾವುದು ಯಾರದು ಎಂದು ಬೇರ್ಪಡಿಸಿ ಕೇಳುವ ಅಭ್ಯಾಸ ಇನ್ನೂ ಬಂದಿರಲಿಲ್ಲ.

ಕಳಸದ ಗೋವಿಂದ ಭಟ್ಟರು ಶರೀಫರ ಗುರುಗಳು. ಅವರದು ವೈದಿಕ ಬ್ರಾಹ್ಮಣ ಮನೆತನ. ಆದರೆ ಆಚಾರದ ಕಟ್ಟುಗಳನ್ನು ಲಕ್ಷಿಸದ ಅವಧೂತವೃತ್ತಿ. ಮೊದಲ ಭೇಟಿಯ ಕಥೆಯನ್ನು ಉತ್ತರ ಕರ್ನಾಟಕದ ಭಜನೆಯವರು ಇಂದಿಗೂ ನಗುನಗುತ್ತ ಹೇಳುತ್ತಾರೆ. ನಿನ್ನ ತಂದೆ ಯಾರೆಂದು ಭಟ್ಟರು ಕೇಳಿದರಂತೆ. ನಿಮ್ಮ ತಂದೆ ಯಾರೋ ನನ್ನ ತಂದೆಯೂ ಅವನೇ ಎಂದು ಹುಡುಗ ಉತ್ತರಿಸಿದನಂತೆ. ಬೇರೊಬ್ಬ ಗುರುವಾಗಿದ್ದರೆ ಅದು ಉದ್ಧಟತನವಾಗಿ ತೋರುತ್ತಿತ್ತು, ಭಟ್ಟರು ಹಿಗ್ಗಿದರು. ಮುಂದೆ ಈ ಸಂಬಂಧದಿಂದ ಇಬ್ಬರಿಗೂ ಕಷ್ಟ ತಪ್ಪಲಿಲ್ಲ. ಬ್ರಾಹ್ಮಣರು ಭಟ್ಟರನ್ನೂ ಮುಸಲ್ಮಾನರು ಶರೀಫರನ್ನೂ ದೂರಿದರು. ಭಟ್ಟರು ಶಿಷ್ಯನಿಗೆ ಜನಿವಾರವನ್ನೇ ಹಾಕಿದರೆಂದು ಪರಂಪರೆ ಹೇಳುತ್ತದೆ. ಶರೀಫರ ಪದವೊಂದು ಆ ಜನಿವಾರವನ್ನೇ ಹಾಡುತ್ತದೆ.

ಲೌಕಿಕದ ಕಡೆಯೂ ಅವರು ಒಂದು ಕೈ ನೋಡಿದರು. ಮುಲ್ಕಿ ಪರೀಕ್ಷೆ ಮುಗಿಸಿ ಕೆಲಕಾಲ ಹಳ್ಳಿಯ ಶಾಲೆಗಳಲ್ಲಿ ಮಾಸ್ತರಿಕೆ ಮಾಡಿದರು. ಅದು ಹಿಡಿಸಲಿಲ್ಲ, ಬಿಟ್ಟರು. ತಂದೆತಾಯಿಗಳ ಒತ್ತಾಯಕ್ಕೆ ಕುಂದಗೋಳದ ಫಾತಿಮಾಳನ್ನು ಮದುವೆಯಾದರು. ಹೆಣ್ಣು ಮಗುವೊಂದು ಹುಟ್ಟಿತು; ಮಡದಿ ಬಹುಕಾಲ ಬಾಳಲಿಲ್ಲ. ಅಲ್ಲಿಂದಾಚೆ ಗುರುವಿನ ಮನೆ, ಊರ ಬಸವಣ್ಣನ ಗುಡಿ, ಹೊಲದ ಬದು, ಜಾತ್ರೆಯ ಕಟ್ಟೆ, ಇವೇ ಅವರ ಮನೆ. ನವಲಗುಂದದ ನಾಗಲಿಂಗ ಯತಿಗಳಂಥ ಸಮಕಾಲೀನ ಸಂತರ ಒಡನಾಟ ಒಂದು ಕಡೆ, ಸಾಲಗಾರರ ಕಾಟ ಇನ್ನೊಂದು ಕಡೆ. ಪದಗಳನ್ನು ಕುಳಿತು ಬರೆದಿಟ್ಟ ಕವಿಯಲ್ಲ ಅವರು. ಕಂಡದ್ದನ್ನು ಕಂಡಲ್ಲಿಯೇ ಹಾಡಿದರು, ಕೇಳಿದವರು ಉಳಿಸಿಕೊಂಡರು.

ಶರೀಫರ ಕಣ್ಣಿಗೆ ಯಾವ ವಸ್ತುವೂ ಕೀಳಾಗಿರಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಹುಬ್ಬಳ್ಳಿಯಲ್ಲಿ ನೂಲಿನ ಗಿರಣಿ ಬಂದಾಗ ಅದರ ಮೇಲೆ ಪದ ಕಟ್ಟಿದರು. ಹಳೆಯ ಮನೆ ಸೋರಿದರೆ ಅದೊಂದು ಪದ; ಮುದುಕಿ ಸಂತೆಗೆ ಹೋದರೆ ಅದೊಂದು ಪದ. ಹಿಂದಿನ ಕವಿಗಳೂ ದೇಹವನ್ನು ರಥವೆಂದರು, ನಗರವೆಂದರು, ದೇಗುಲವೆಂದರು. ಶರೀಫರು ಅದನ್ನು ತೆಂಗಿನ ಬುರುಡೆಯೆಂದರು. ಆ ಬುರುಡೆ ಎಂಥದೆಂದು ತಿಳಿಯದೆ ಪದದ ಸೊಗಸು ತಿಳಿಯದು.

ಹೊಗೆಸೊಪ್ಪು ನಮ್ಮ ನೆಲದ ಗಿಡವಲ್ಲ. ಅಮೆರಿಕದಿಂದ ಪೋರ್ಚುಗೀಸರ ಹಡಗಿನಲ್ಲಿ ಪಶ್ಚಿಮ ಕರಾವಳಿಗೆ ಬಂದು, ಅಲ್ಲಿಂದ ಘಟ್ಟ ಹತ್ತಿ ವಿಜಾಪುರ ತಲುಪಿತು. ತಂಬಾಕು ಎಂಬ ಹೆಸರೂ ಅವರ ಮಾತಿನದೇ. ಅಕ್ಬರನ ದೂತನಾಗಿ ವಿಜಾಪುರಕ್ಕೆ ಬಂದಿದ್ದ ಅಸದ ಬೇಗ್ ಎಂಬವನು ಎರಡನೆಯ ಇಬ್ರಾಹಿಂ ಆದಿಲಶಾಹನ ರಾಜಧಾನಿಯಲ್ಲಿ ಈ ಎಲೆಯನ್ನು ಮೊದಲ ಬಾರಿ ಕಂಡು ಬೆರಗಾದನು. 1604ರ ಸುಮಾರಿಗೆ ಅವನು ಒಡೆಯನ ಬಳಿಗೆ ಮರಳಿದಾಗ ರತ್ನ ಕೆತ್ತಿದ ಉದ್ದನೆಯ ಕೊಳವಿ, ಯೆಮೆನ್ ದೇಶದ ಅಕೀಕದ ಬಾಯಿತುಂಡು, ಕೆಂಡಕ್ಕೆ ಚಿನ್ನದ ಬಟ್ಟಲು, ಇಷ್ಟನ್ನೂ ಬೆಳ್ಳಿಯ ಹರಿವಾಣದಲ್ಲಿ ಜೋಡಿಸಿ ಕಾಣಿಕೆಯಿತ್ತನು. ಆದಿಲಶಾಹನು ತನಗೆ ಕೊಟ್ಟಿದ್ದ ಸೊಗಸಾದ ಎಲೆಯಡಿಕೆಯ ಚೀಲದಲ್ಲಿ ತಂಬಾಕನ್ನು ತುಂಬಿ ತಂದಿದ್ದನಂತೆ. ಅಕ್ಬರನು ಕುತೂಹಲದಿಂದ ಕೆಲವು ಸಲ ಎಳೆದು ನೋಡಿದನು. ಪುಸ್ತಕಗಳಲ್ಲಿ ಹೆಸರಿಲ್ಲದ, ಪರೀಕ್ಷೆಯಾಗದ ಮದ್ದೆಂದು ಆಸ್ಥಾನದ ವೈದ್ಯನು ತಡೆದನು. ವಾದವೇ ನಡೆಯಿತು. ಬಾದಶಹನು ಅದನ್ನು ಅಭ್ಯಾಸ ಮಾಡಿಕೊಳ್ಳಲಿಲ್ಲ, ಸರದಾರರು ಬಿಡಲಿಲ್ಲ. ಮಗನಾದ ಜಹಾಂಗೀರನು 1617ರಲ್ಲಿ ನಿಷೇಧಿಸಿದರೂ ಹೊಗೆ ನಿಲ್ಲಲಿಲ್ಲ. ಶರೀಫರ ಕಾಲಕ್ಕೆ, ಇನ್ನೂರು ವರ್ಷಗಳ ಮೇಲೆ, ಅಕೀಕದ ಬಾಯಿತುಂಡು ಬಿದಿರಾಗಿತ್ತು, ಚಿನ್ನದ ಬಟ್ಟಲು ಕುಂಬಾರನ ಚಿಲುಮೆಯಾಗಿತ್ತು.

ನಮ್ಮ ಗುರುಗುಂಟೆಯೂ ಆದಿಲಶಾಹರ ಆಳಿಕೆ ಕಂಡ ರಾಯಚೂರು ದೋಆಬಿನೊಳಗಿನ ಊರೇ. ಲಿಂಗಸುಗೂರು ತಾಲೂಕಿನ ಈ ಸೀಮೆ 1948ರ ತನಕ ನಿಜಾಮನದು. ಶರೀಫರ ಧಾರವಾಡ ಮುಂಬಯಿ ಇಲಾಖೆಯದು. ರಾಜ್ಯಗಳ ನಡುವೆ ಗಡಿಯಿತ್ತು; ಪದಗಳಿಗೆ ಇರಲಿಲ್ಲ. ಕಡಕೋಳದ ಮಡಿವಾಳಪ್ಪನ ಪದಗಳ ಜೊತೆಜೊತೆಗೆ ಶರೀಫರ ಪದಗಳೂ ನಮ್ಮ ಕಡೆಯ ಏಕತಾರಿಗೆ ಹೊಂದಿಕೊಂಡಿದ್ದವು. ಅಮರೇಶ್ವರನ ಜಾತ್ರೆಯ ದಿನಗಳಲ್ಲಿ ರಾತ್ರಿ ಬೆಳಗಾಗುವ ತನಕ ಭಜನೆ ನಡೆಯುತ್ತಿದ್ದುದನ್ನು ಬಾಲ್ಯದಲ್ಲಿ ಕಂಡಿದ್ದೇನೆ. ನಮ್ಮ ಮುತ್ಯಾ ತಾಳ ಹಿಡಿಯುವವನು. ಅವನ ಪಕ್ಕದಲ್ಲಿ ಗೋಡೆಗೆ ಆನಿಸಿ ಇಟ್ಟ ಗುಡುಗುಡಿ.

ಅದನ್ನು ಸಜ್ಜುಗೊಳಿಸುವುದೇ ಒಂದು ವಿಧಿ. ತಿರುಳು ತೆಗೆದು ನುಣ್ಣಗೆ ಕೆರೆದ ತೆಂಗಿನ ಬುರುಡೆ. ಹಿಂದಿನ ದಿನದ ನೀರು ಚೆಲ್ಲಿ ಹೊಸ ನೀರು ತುಂಬಬೇಕು. ನೀರು ಹೆಚ್ಚಾದರೆ ಬಾಯಿಗೆ ಬರುತ್ತದೆ, ಕಡಿಮೆಯಾದರೆ ಹೊಗೆ ಸುಡುತ್ತದೆ. ಮೇಲೆ ನಿಲ್ಲಿಸಿದ ಕೊಳವಿಯ ತುದಿಗೆ ಚಿಲುಮೆ. ಚಿಲುಮೆಯ ತಳದಲ್ಲಿ ಪುಟ್ಟದೊಂದು ಕಲ್ಲು, ಅದರ ಮೇಲೆ ತಂಬಾಕು, ಅದರ ಮೇಲೆ ಕೆಂಡ. ಬಿಸಿಲಿಗೆ ಒಣಗಿಸಿದ ನಮ್ಮ ಕಡೆಯ ಕಪ್ಪು ತಂಬಾಕು ಬಹಳ ಖಾರ. ಅದನ್ನು ಹಾಗೆಯೇ ಸೇದಿದರೆ ಗಂಟಲು ಹಿಡಿಯುತ್ತದೆ. ಆದಕಾರಣ ಮುತ್ಯಾ ಹಳೆಯ ಬೆಲ್ಲ ಸೇರಿಸಿ ಕುಟ್ಟಿ, ಮಡಕೆಯಲ್ಲಿ ಮುಚ್ಚಿಟ್ಟು, ಹದ ಬರುವ ತನಕ ಕಾಯುತ್ತಿದ್ದನು. ಮುಚ್ಚಳ ತೆಗೆದಾಗ ಹೊಮ್ಮುವ ವಾಸನೆ ಆಲೆಮನೆಯದೋ ಮಳೆ ಬಿದ್ದ ಹೊಲದ್ದೋ ಎಂಬಂತಿರುತ್ತಿತ್ತು.

ಪಟ್ಟಣದ ಪೈಪು ಸೇದುವವರು ಮೆಚ್ಚುವ ವರ್ಜಿನಿಯಾ ತಂಬಾಕಿಗೆ ಈ ಉಪಚಾರ ಅಷ್ಟಾಗಿ ಬೇಡ. ನಮ್ಮ ನಾಡಿನಲ್ಲಿಯೇ ಹುಣಸೂರು, ಪಿರಿಯಾಪಟ್ಟಣಗಳ ಕಡೆ ಬೆಳೆಯುವ ಆ ಎಲೆಯನ್ನು ಮುಚ್ಚಿದ ಕೋಣೆಯಲ್ಲಿ, ಹೊಗೆ ತಾಗಿಸದೆ ಕೊಳವೆಯ ಕಾವಿನಿಂದ ಹದಗೊಳಿಸುತ್ತಾರೆ. ಎಲೆಯೊಳಗಿನ ಸಕ್ಕರೆ ಎಲೆಯಲ್ಲಿಯೇ ಉಳಿದು ಬಣ್ಣ ಹೊನ್ನಾಗುತ್ತದೆ, ರುಚಿ ಮೃದುವಾಗುತ್ತದೆ. ರಸಿಕರು ಅದರಲ್ಲಿ ಒಣಹುಲ್ಲಿನ, ಜೇನಿನ ಪರಿಮಳ ಕಾಣುತ್ತಾರೆ. ಅವಸರ ಪಟ್ಟು ಎಳೆದರೆ ನಾಲಗೆ ಸುಡುತ್ತದೆಂದೂ ಹೇಳುತ್ತಾರೆ. ಸೌಮ್ಯತೆ ಎಲೆಯ ಗುಣವಾಗಿ ಅವರಿಗೆ ದೊರಕಿತು. ನಮ್ಮವರು ಅದನ್ನು ಬೆಲ್ಲದಿಂದ, ನೀರಿನಿಂದ, ತಾಳ್ಮೆಯಿಂದ ಗಳಿಸಬೇಕಾಯಿತು. ಮೆಲ್ಲನೆ ಎಳೆದಾಗ ಬುರುಡೆಯ ನೀರು ಗುಡುಗುಡು ಎನ್ನುವುದು, ಹೊಗೆ ತಣ್ಣಗಾಗಿ ಗಂಟಲಿಗಿಳಿಯುವುದು, ಮುತ್ಯಾನ ಕಣ್ಣು ಅರೆಮುಚ್ಚುವುದು. ಆ ಮೇಲೆ ಗುಡುಗುಡಿ ಪಕ್ಕದವನ ಕೈಗೆ. ಒಬ್ಬನೇ ಕುಳಿತು ಸೇದಿದುದನ್ನು ನಾನು ಕಂಡಿಲ್ಲ.

ಈಗ ಪದಕ್ಕೆ ಬರೋಣ. ಮನಸ್ಸು ಸಂಚಿ, ಅದರ ದಾರ ಬಿಚ್ಚಬೇಕು. ಮೋಹವನ್ನು ದಿನದಿನವೂ ಕೊಚ್ಚಬೇಕು. ನೆನಹು ಚಿಲುಮೆ, ಶರೀರ ಬುರುಡೆ, ಅರಿವು ಅದರೊಳಗಿನ ನೀರು. ಶರೀಫರು ಕೊಚ್ಚಹೇಳುವುದು ತಂಬಾಕನ್ನಲ್ಲ, ಭಂಗಿಯನ್ನು. ಸಾಧುಗಳ ಚಿಲುಮೆಯ ಸರಕು ಅದು. ಅಧ್ಯಾಪಕರ ಅಳುಕಿಗೆ ಇದೂ ಒಂದು ಕಾರಣವೆನ್ನಿ. ಆದರೆ ಎರಡನ್ನೂ ಸಿದ್ಧಗೊಳಿಸುವ ಕ್ರಮ ಒಂದೇ ಬಗೆಯದು, ಆ ಕ್ರಮವನ್ನು ಶರೀಫರು ಬಲ್ಲವರಾಗಿದ್ದರು. ಕೊಚ್ಚುವ ಕೆಲಸ ಒಮ್ಮೆ ಮಾಡಿ ಮುಗಿಸುವಂಥದಲ್ಲ, ದಿನವೂ ಆಗಬೇಕಾದುದು. ಈ ಮಾತು ಕಟ್ಟೆಯ ಮೇಲೆ ಕುಳಿತು ನೋಡಿದವನಿಗೆ ಮಾತ್ರ ಹೊಳೆಯುವಂಥದು. ಅರಿವನ್ನು ಬೆಂಕಿಗೆ ಹೋಲಿಸಿದವರು ಬಹಳ ಮಂದಿ. ಅದನ್ನು ನೀರಿಗೆ ಹೋಲಿಸಿ, ಬೆಂಕಿಯ ಹೊಗೆಯನ್ನು ಅದರೊಳಗಿಂದ ಹಾಯಿಸಿ ತಣಿಸುವ ಕಲ್ಪನೆ ಗುಡುಗುಡಿ ಕಂಡವನದು. ಹೊಗೆಯೆಂದರೆ ಹೊಗೆಯಲ್ಲ ಎಂಬ ನನ್ನ ಹಳೆಯ ಪಾಠ ಎಡವಿದ್ದು ಇಲ್ಲಿಯೇ. ಹೊಗೆ ಮೊದಲು ಹೊಗೆಯಾಗಿದ್ದರೆ ತಾನೆ ಮತ್ತೊಂದಾಗುವುದು?

ಇಷ್ಟು ಹೇಳಿದ ಮೇಲೆ ಇನ್ನೊಂದನ್ನು ಮರೆಮಾಚುವುದು ಸರಿಯಲ್ಲ. ದೇಹದೊಳಗಿನ ರೋಗಗಳನ್ನು ಈ ಗುಡುಗುಡಿ ಹೊರಗೆ ಎಸೆಯುವುದೆಂದು ಪದ ಭರವಸೆ ಕೊಡುತ್ತದೆ. ಮುತ್ಯಾ ಆ ಪದವನ್ನು ಹಾಡುತ್ತಲೇ ಕೆಮ್ಮುತ್ತಿದ್ದನು. ಕೊನೆಯ ಎರಡು ಮಳೆಗಾಲ ಅವನಿಗೆ ಮಲಗಿ ನಿದ್ರಿಸಲಾಗಲಿಲ್ಲ. ಗೋಡೆಗೆ ಒರಗಿ ಕುಳಿತೇ ರಾತ್ರಿ ಕಳೆದನು. ನೀರು ಹೊಗೆಯ ಕಾವನ್ನು ತಣಿಸುತ್ತದೆಯೇ ಹೊರತು ಅದರೊಳಗಿನ ವಿಷವನ್ನು ಕಳೆಯುವುದಿಲ್ಲವೆಂದು ವೈದ್ಯಶಾಸ್ತ್ರ ಇಂದು ನಿಸ್ಸಂದೇಹವಾಗಿ ಹೇಳುತ್ತದೆ. ಅಕ್ಬರನ ವೈದ್ಯನ ಶಂಕೆಯೇ ಗೆದ್ದಿತು. ನಾನು ತಂಬಾಕು ಮುಟ್ಟಿದವನಲ್ಲ, ಅದಕ್ಕೆ ಆ ರಾತ್ರಿಗಳೇ ಕಾರಣ. ಆದರೂ ಆ ಮಡಕೆಯ ವಾಸನೆ ನೆನಪಾದಾಗ ಬಾಯಲ್ಲಿ ನೀರೂರುತ್ತದೆ. ಪದ ನೆನಪಾದಾಗ ಮುತ್ಯಾನ ದನಿಯಲ್ಲಿಯೇ ನೆನಪಾಗುತ್ತದೆ, ಕೆಮ್ಮು ಸಹಿತವಾಗಿ.

ಶರೀಫರು 1889ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ ತಮ್ಮ ಊರಿನಲ್ಲಿಯೇ ದೇಹ ಬಿಟ್ಟರು. ಬದುಕಿದ್ದಾಗ ನಮ್ಮವನಲ್ಲವೆಂದು ದೂರಿದ್ದ ಎರಡೂ ಕಡೆಯವರು ಆಗ ನಮ್ಮವನೆಂದು ಮುಂದೆ ಬಂದರು. ಎರಡೂ ಪದ್ಧತಿಗಳ ಸಂಸ್ಕಾರ ನಡೆಯಿತೆಂದು ಶಿಶುನಾಳದವರು ಹೇಳುತ್ತಾರೆ. ಗದ್ದುಗೆಗೆ ಇಂದಿಗೂ ಎರಡೂ ಮತದವರು ನಡೆದುಕೊಳ್ಳುತ್ತಾರೆ. ಒಂದು ಶತಮಾನ ಭಜನೆಯವರ ಬಾಯಲ್ಲಿಯೇ ಬೆಳೆದ ಪದಗಳು ಆಮೇಲೆ ಸಿ. ಅಶ್ವತ್ಥರ ಕಂಠದಿಂದ ಪಟ್ಟಣದ ಮನೆಗಳನ್ನು ಹೊಕ್ಕವು. 1990ರಲ್ಲಿ ನಾಗಾಭರಣರ ಚಲನಚಿತ್ರ ಬಂದ ಮೇಲಂತೂ ಶರೀಫರನ್ನು ಅರಿಯದವರು ಇಲ್ಲವಾದರು. ಪಟ್ಟಣದ ಸಭೆಗಳಲ್ಲಿ ಆ ಹಾಡು ಕೇಳಿದಾಗಲೆಲ್ಲ ಸಂತೋಷವಾಗುತ್ತದೆ. ಅಲ್ಲಿ ಯಾರೂ ಕೆಮ್ಮುವುದಿಲ್ಲವೆಂಬುದೂ ಮನಸ್ಸಿಗೆ ಬರುತ್ತದೆ.

ಕಳೆದ ವರ್ಷ ಈ ಪದ ಪಾಠಕ್ಕೆ ಬಂದಾಗ ಊರಿಗೆ ಹೋಗಿ, ಅಟ್ಟದ ಮೇಲಿದ್ದ ಮುತ್ಯಾನ ಗುಡುಗುಡಿಯನ್ನು ಇಳಿಸಿ ತರಗತಿಗೆ ತಂದೆ. ಚಿಲುಮೆ ಒಡೆದಿತ್ತು, ಬುರುಡೆ ಗಟ್ಟಿಯಾಗಿಯೇ ಇತ್ತು. ಹುಡುಗರು ಮೊದಲು ನಕ್ಕರು. ಅದು ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗಿ ಹಿಂದಿನ ಸಾಲು ಮುಟ್ಟುವ ಹೊತ್ತಿಗೆ ನಗು ನಿಂತಿತ್ತು. ಅಲ್ಲಿ ಕುಳಿತಿದ್ದ ಹುಡುಗಿಯೊಬ್ಬಳು ಬುರುಡೆಯನ್ನು ತಿರುವಿ ನೋಡಿ, ತೂತಿಗೆ ಮೂಗು ಹಿಡಿದು, ಇದಕ್ಕೆ ನೀರು ಎಲ್ಲಿಯ ತನಕ ತುಂಬಬೇಕೆಂದು ಕೇಳಿದಳು.