ದುಡಿಯುತ್ತ ಕಲಿಯಲು ಹಚ್ಚಿದ ಕರ್ಮವೀರರು

ನಮ್ಮ ಸೊಲ್ಲಾಪುರ ಜಿಲ್ಲೆಗೆ ಹೊಂದಿಕೊಂಡೇ ಇರುವ ಸಾತಾರಾ ಜಿಲ್ಲೆಯಲ್ಲಿ ಬಡವರ ಮಕ್ಕಳ ಓದಿಗಾಗಿ ತಮ್ಮ ಬಾಳನ್ನೇ ಸವೆಸಿದ ಮಹನೀಯರೊಬ್ಬರಿದ್ದರು. ಅವರೇ ಕರ್ಮವೀರ ಭಾವೂರಾವ ಪಾಟೀಲರು. ಹಣವುಳ್ಳವರಿಗೆ ಮಾತ್ರ ವಿದ್ಯೆ ಎಂಬಂತಿದ್ದ ಕಾಲದಲ್ಲಿ, ದುಡಿಯುವ ಕೈಗಳಿದ್ದರೆ ಸಾಕು, ವಿದ್ಯೆ ದೊರೆಯುತ್ತದೆ ಎಂಬುದನ್ನು ಅವರು ಮಾಡಿ ತೋರಿಸಿದರು.

ಭಾವೂರಾವ ಅವರು 1887ರ ಸೆಪ್ಟೆಂಬರ್ 22ರಂದು ಕೊಲ್ಲಾಪುರ ಜಿಲ್ಲೆಯ ಕುಂಭೋಜ ಗ್ರಾಮದಲ್ಲಿ ಒಂದು ಜೈನ ಮನೆತನದಲ್ಲಿ ಜನಿಸಿದರು. ಇವರ ಪೂರ್ವಜರು ದಕ್ಷಿಣ ಕನ್ನಡದ ಮೂಡಬಿದಿರೆಯಿಂದ ಬಂದವರು. ಗಡಿಯಲ್ಲಿ ಬಾಳುವ ಕನ್ನಡಿಗರಾದ ನಮಗೆ ಇದು ಅಭಿಮಾನದ ಸಂಗತಿ.

ಕೊಲ್ಲಾಪುರದಲ್ಲಿ ಓದುವಾಗ ಅವರು ಜೈನ ವಸತಿಗೃಹದಲ್ಲಿದ್ದರು. ಅಸ್ಪೃಶ್ಯರೆಂದು ದೂರವಿಡಲಾಗಿದ್ದ ಮಕ್ಕಳಿಗಾಗಿ ಆ ಊರಿನಲ್ಲಿ ಒಂದು ವಸತಿಗೃಹ ಆರಂಭವಾದಾಗ ಭಾವೂರಾವ ಆ ಸಮಾರಂಭಕ್ಕೆ ಹೋಗಿ ಬಂದರು. ಸ್ನಾನ ಮಾಡಿ ಶುದ್ಧನಾಗಿ ಒಳಗೆ ಬಾ ಎಂದು ಹಿರಿಯರು ವಿಧಿಸಿದರು. ಮನುಷ್ಯರ ಸಂಗಡ ಕುಳಿತು ಬಂದುದಕ್ಕೆ ಮೈಲಿಗೆ ಎಲ್ಲಿಯದು? ಅವರು ಒಪ್ಪಲಿಲ್ಲ, ವಸತಿಗೃಹವನ್ನೇ ಬಿಡಬೇಕಾಯಿತು. ಅವರಿಗೆ ಮೆಟ್ರಿಕ್ ಮುಗಿಸಲು ಆಗಲಿಲ್ಲ. ಆದರೆ ಛತ್ರಪತಿ ಶಾಹು ಮಹಾರಾಜರ ಕಾರ್ಯವನ್ನು ಕಣ್ಣಾರೆ ಕಂಡ ಆ ದಿನಗಳೇ ಅವರಿಗೆ ದೊಡ್ಡ ಪಾಠಶಾಲೆಯಾದವು.

ಮುಂದೆ ಅವರು ಕಿರ್ಲೋಸ್ಕರ ಕಾರಖಾನೆಯ ನೇಗಿಲುಗಳನ್ನು ಮಾರುತ್ತ ಹಳ್ಳಿಹಳ್ಳಿ ಸುತ್ತಿದರು. ಹೊಲ ಉತ್ತು ಲೋಕಕ್ಕೆ ಅನ್ನ ಕೊಡುವ ರೈತನ ಮಕ್ಕಳಿಗೆ ಅಕ್ಷರವಿಲ್ಲದಿರುವುದನ್ನು ಕಂಡು ಅವರ ಮನಸ್ಸು ನೊಂದಿತು. 1919ರ ಅಕ್ಟೋಬರ್ 4ರಂದು ಕರಾಡ ಸಮೀಪದ ಕಾಲೆ ಗ್ರಾಮದಲ್ಲಿ ರಯತ ಶಿಕ್ಷಣ ಸಂಸ್ಥೆ ಹುಟ್ಟಿತು. 1924ರಲ್ಲಿ ಸಾತಾರೆಯಲ್ಲಿ ವಿದ್ಯಾರ್ಥಿ ವಸತಿಗೃಹ ಆರಂಭವಾಯಿತು. 1927ರಲ್ಲಿ ಮಹಾತ್ಮಾ ಗಾಂಧೀಜಿಯವರು ಅಲ್ಲಿಗೆ ಬಂದಾಗ ಅದಕ್ಕೆ ಶಾಹು ಮಹಾರಾಜರ ಹೆಸರನ್ನಿಡಲಾಯಿತು.

ಈ ವಸತಿಗೃಹದ ರೀತಿಯೇ ಬೇರೆ. ಎಲ್ಲ ಜಾತಿಯ ಹುಡುಗರು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂಡುತ್ತಿದ್ದರು. ಅಡಿಗೆ ಮಾಡುವವರು, ನೀರು ತರುವವರು, ಪಾತ್ರೆ ತಿಕ್ಕುವವರು, ಕಸ ಗುಡಿಸುವವರು, ಎಲ್ಲರೂ ವಿದ್ಯಾರ್ಥಿಗಳೇ. ಹೊಲದಲ್ಲಿ ದುಡಿದು ಬೆಳೆ ತೆಗೆಯುವವರೂ ಅವರೇ. ಧರ್ಮಾರ್ಥದ ಅನ್ನ ಉಂಡವನು ತಲೆ ತಗ್ಗಿಸುತ್ತಾನೆ. ತನ್ನ ಬೆವರಿನ ಅನ್ನ ಉಂಡವನು ತಲೆ ಎತ್ತಿ ನಡೆಯುತ್ತಾನೆ. ಬಡ ಹುಡುಗನಿಗೆ ಭಾವೂರಾವ ಕೊಡಬಯಸಿದ್ದು ಇಂಥ ಸ್ವಾವಲಂಬನೆಯನ್ನು.

ಆದರೂ ಕಷ್ಟದ ದಿನಗಳು ತಪ್ಪಲಿಲ್ಲ. ಭಾವೂರಾವ ಊರಲ್ಲಿಲ್ಲದ ಒಂದು ಹೊತ್ತಿನಲ್ಲಿ ವಸತಿಗೃಹದಲ್ಲಿ ಕಾಳು ತೀರಿತು. ಅವರ ಪತ್ನಿ ಲಕ್ಷ್ಮೀಬಾಯಿಯವರ ಬಂಗಾರವೆಲ್ಲ ಆಗಲೇ ಮಕ್ಕಳ ಊಟಕ್ಕೆ ಕರಗಿತ್ತು. ಉಳಿದದ್ದು ಕೊರಳ ಮಂಗಳಸೂತ್ರ ಒಂದೇ. ಆ ತಾಯಿ ಅದನ್ನೂ ತೆಗೆದುಕೊಟ್ಟು ಮಕ್ಕಳ ಹೊಟ್ಟೆ ತುಂಬಿಸಿದರು. 1930ರಲ್ಲಿ ಅವರು ತೀರಿಕೊಂಡರು. ಸಂಸ್ಥೆ ಆಲದ ಮರವಾಗಿ ಬೆಳೆದದ್ದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ.

ಆಲದ ಮರವೇ ಆ ಸಂಸ್ಥೆಯ ಲಾಂಛನ. 1935ರಲ್ಲಿ ಸಾತಾರೆಯಲ್ಲಿ ಶಿಕ್ಷಕರ ತರಬೇತಿ ವಿದ್ಯಾಲಯ, 1940ರಲ್ಲಿ ಮಹಾರಾಜ ಸಯಾಜಿರಾವ ಹೈಸ್ಕೂಲು, 1947ರಲ್ಲಿ ಛತ್ರಪತಿ ಶಿವಾಜಿ ಕಾಲೇಜು, ಹೀಗೆ ಬಿಳಲುಗಳು ನೆಲಕ್ಕಿಳಿದವು. ಹಳ್ಳಿಗಳಲ್ಲಿ ನೂರಾರು ಪ್ರಾಥಮಿಕ ಶಾಲೆಗಳು ತೆರೆದವು. ಗಳಿಸುತ್ತ ಕಲಿಯುವ ಯೋಜನೆ ಕಾಲೇಜಿನವರೆಗೂ ಹಬ್ಬಿತು. ಜನರು ಅವರನ್ನು ಪ್ರೀತಿಯಿಂದ ಕರ್ಮವೀರರೆಂದು ಕರೆದರು. 1959ರಲ್ಲಿ ಭಾರತ ಸರಕಾರ ಪದ್ಮಭೂಷಣ ನೀಡಿತು. ಅದೇ ವರ್ಷ ಮೇ 9ರಂದು ಅವರು ಕಣ್ಮುಚ್ಚಿದರು.

ವಿದ್ಯಾರ್ಥಿ ಮಿತ್ರರೇ, ಕಬ್ಬಿನ ಸುಗ್ಗಿ ಬಂತೆಂದರೆ ತಂದೆತಾಯಿಯರ ಬೆನ್ನ ಹಿಂದೆ ಶಾಲೆ ಬಿಟ್ಟು ಹೋಗುವ ಮಕ್ಕಳು ನಮ್ಮ ಸೀಮೆಯಲ್ಲಿ ಇಂದಿಗೂ ಇದ್ದಾರೆ. ಮನೆಯ ಕೆಲಸಕ್ಕೆ ಕೈಹಚ್ಚುವುದು ನಾಚಿಕೆಯ ಮಾತಲ್ಲ. ಕೆಲಸಕ್ಕಾಗಿ ಓದನ್ನೇ ಬಿಡುವುದು ಮಾತ್ರ ತೀರದ ನಷ್ಟ. ಪಾಲಕರೂ ಇದನ್ನು ಮನಸ್ಸಿನಲ್ಲಿಡಬೇಕು. ನಿಮ್ಮ ವರ್ಗದ ಒಬ್ಬ ಗೆಳೆಯ ನಾಲ್ಕು ದಿನ ಬಾರದಿದ್ದರೆ ಅವನ ಮನೆಗೆ ಹೋಗಿರಿ; ತಪ್ಪಿದ ಪಾಠಗಳನ್ನು ಬರೆದುಕೊಡಿರಿ; ಕೈಹಿಡಿದು ಶಾಲೆಗೆ ಕರೆತನ್ನಿರಿ. ಕರ್ಮವೀರರಿಗೆ ನಾವು ಸಲ್ಲಿಸಬಹುದಾದ ಗೌರವ ಇದೇ.