ಕುದ್ಮುಲ್ ರಂಗರಾಯರ ಮಗ್ಗ

ಬಾಳ್ಳುಪೇಟೆಯನ್ನು ಹಾದುಹೋಗುವ ಹೆದ್ದಾರಿ ಶಿರಾಡಿ ಘಟ್ಟವನ್ನಿಳಿದು ಮಂಗಳೂರನ್ನು ಸೇರುತ್ತದೆ. ಮಂಜರಾಬಾದಿನ ಕಾಫಿ ತೋಟಗಳಿಗೆ ಒಂದು ಕಾಲದಲ್ಲಿ ಆಳುಗಳು ಏರಿ ಬರುತ್ತಿದ್ದುದೂ ಆ ಸೀಮೆಯಿಂದಲೇ. ಅಲ್ಲಿಯ ಗದ್ದೆಗಳನ್ನು ಉತ್ತು ಬಿತ್ತಿದವರಲ್ಲಿ ಬಹುಜನ ಮೂಲದಾಳುಗಳು, ಎಂದರೆ ಭೂಮಿಯೊಡನೆಯೇ ಒಡೆಯನಿಂದ ಒಡೆಯನಿಗೆ ಸಲ್ಲುತ್ತಿದ್ದ ಜೀತದವರು. ಅಂಥವರ ಮಕ್ಕಳಿಗೆ ಅಕ್ಷರದ ಜೊತೆಗೆ ಮಗ್ಗವನ್ನೂ ಕೊಟ್ಟ ಮಹನೀಯರು ಕುದ್ಮುಲ್ ರಂಗರಾಯರು.

ರಾಯರು ಹುಟ್ಟಿದ್ದು 1859ರಲ್ಲಿ, ಕಾಸರಗೋಡು ಸೀಮೆಯ ಕುದ್ಮುಲಿನಲ್ಲಿ, ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ. ಗುಲಾಮಗಿರಿಗೆ ಕಾನೂನಿನ ಬೆಂಬಲವನ್ನು ತಪ್ಪಿಸಿದ ಶಾಸನ 1843ರಲ್ಲೇ ಬಂದಿತ್ತು. ಗದ್ದೆಯ ಅಂಚಿನ ಗುಡಿಸಲುಗಳಿಗೆ ಮಾತ್ರ ಅದರ ಸುದ್ದಿ ಮುಟ್ಟಿದಂತಿರಲಿಲ್ಲ.

ಆ ಗುಡಿಸಲುಗಳ ಉಡುಗೆತೊಡುಗೆಯನ್ನು ಕುರಿತು ಹತ್ತೊಂಬತ್ತನೆಯ ಶತಮಾನದ ಬರಹಗಾರರು ಬರೆದಿಟ್ಟ ಸಂಗತಿಗಳು ಮನಸ್ಸನ್ನು ಕಲಕುವಂಥವು. ಆಳನ್ನು ಜೀತಕ್ಕೆ ಸೇರಿಸಿಕೊಳ್ಳುವ ದಿನ ಅವನಿಗೆ ಎಣ್ಣೆ ಹಚ್ಚಿ ಮೀಯಿಸಿ, ಹೊಸ ಬಟ್ಟೆಯನ್ನು ಉಡಿಸುತ್ತಿದ್ದರು. ಚಿನ್ನದ ತುಣುಕನ್ನು ಹಾಕಿದ ನೀರನ್ನು ಬಟ್ಟಲಿನಿಂದ ಅವನು ಕುಡಿದನೆಂದರೆ ಒಡೆಯನ ಸೊತ್ತಾದನು. ಕೊರಗರ ಸ್ಥಿತಿ ಇನ್ನೂ ಹೀನ. ಅವರ ಹೆಂಗಸರು ಸೊಪ್ಪು ಕಟ್ಟಿದ ರೆಂಬೆಗಳನ್ನು ಸೊಂಟಕ್ಕೆ ಸುತ್ತಿಕೊಳ್ಳಬೇಕಿತ್ತು. ಬಟ್ಟೆ ಉಡುವ ಕಾಲ ಬಂದ ಮೇಲೂ ಅದರ ಮೇಲೆ ಸೊಪ್ಪು ಉಳಿಯಿತು. ಮಾನ ಮುಚ್ಚಲೆಂದಲ್ಲ, ಕೀಳೆಂಬ ಗುರುತಿಗೆಂದು. ವಸ್ತ್ರಕೊರಗರೆಂದು ಹೆಸರಾದ ಪಂಗಡಕ್ಕೆ ಆ ಹೆಸರು ತಂದ ವಸ್ತ್ರವಾದರೂ ಎಂಥದು? ಹೆಣಕ್ಕೆ ಹೊದಿಸಿ ತೆಗೆದುಕೊಟ್ಟ ಬಟ್ಟೆ! ಬಿಳಲು ಬಿದಿರುಗಳಲ್ಲಿ ಊರಿಗೆಲ್ಲ ಬುಟ್ಟಿ ಹೆಣೆದುಕೊಡುತ್ತಿದ್ದ ಕೈಗಳಿಗೆ ನೂಲು ಮಾತ್ರ ದಕ್ಕಿರಲಿಲ್ಲ.

ಉಪಾಧ್ಯಾಯರಾಗಿದ್ದು ಅನಂತರ ವಕೀಲರಾದ ರಂಗರಾಯರು ಬ್ರಾಹ್ಮಸಮಾಜದ ವಿಚಾರಗಳಿಗೆ ಒಲಿದವರು. 1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆಯನ್ನು ತೆರೆದರು. ಸ್ವಜಾತಿಯವರು ಬಹಿಷ್ಕಾರ ಹಾಕಿದರು. ವಿರೋಧದಿಂದಾಗಿ ಶಾಲೆಯೂ ಸ್ಥಳ ಬದಲಿಸಬೇಕಾಯಿತು. ರಾಯರು ಬಿಡಲಿಲ್ಲ. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಕಟ್ಟಿದರು. ಕೂಲಿ ತಪ್ಪುವುದೆಂದು ಮಕ್ಕಳನ್ನು ಕಳುಹಿಸದ ತಂದೆತಾಯಿಗಳಿಗೆ ಅವರು ಉಪದೇಶ ಮಾಡುತ್ತ ಕೂರದೆ, ಶಾಲೆಯಲ್ಲೇ ಊಟವಿಟ್ಟು, ಬಂದ ಮಗುವಿನ ಕೈಗೆ ಕಾಸನ್ನೂ ಕೊಟ್ಟರು.

ಶೇಡಿಗುಡ್ಡೆಯಲ್ಲಿ ಬೆಳೆದ ಈ ಸಂಸ್ಥೆಯಲ್ಲಿ ನೇಯ್ಗೆಯ ಶಿಕ್ಷಣವೂ ಸೇರಿತು. ಮಂಗಳೂರಿಗೆ ಮಗ್ಗ ಹೊಸದಲ್ಲ. ಬಾಸೆಲ್ ಮಿಷನ್ನಿನ ನೇಯ್ಗೆ ಕಾರ್ಖಾನೆ ಆಗಲೇ ಹೆಸರಾಗಿತ್ತು. ಆದರೆ ಅದು ಮುಖ್ಯವಾಗಿ ಮತಾಂತರ ಹೊಂದಿದವರ ಜೀವನೋಪಾಯಕ್ಕೆ ಹುಟ್ಟಿದ್ದು. ಧರ್ಮವನ್ನು ಕೇಳದೆ ಹತ್ತಿಯ ನೂಲನ್ನು ಕೈಗಿತ್ತುದು ರಾಯರ ಹಿರಿಮೆಯೆಂದು ನನ್ನೆಣಿಕೆ. ಅಜ್ಜಿ ಸೊಪ್ಪುಟ್ಟ ನಾಡಿನಲ್ಲಿ ಮೊಮ್ಮಗ ತನ್ನ ಪಂಚೆಯನ್ನು ತಾನೇ ನೆಯ್ಯುವುದು ಬರಿಯ ಕಸುಬಿನ ಮಾತಲ್ಲ.

ಸರಕಾರ ಅವರಿಗೆ ರಾವ್ ಸಾಹೇಬ್ ಬಿರುದನ್ನಿತ್ತಿತು. 1927ರಲ್ಲಿ ಅವರು ಕಾವಿಯುಟ್ಟು ಈಶ್ವರಾನಂದರಾದರು. ತಮ್ಮ ಶವವನ್ನು ಜಲಗಾರರೇ ಹೊರಬೇಕೆಂದು ಮೊದಲೇ ವಿಧಿಸಿದ್ದರು. 1928ರ ಜನವರಿ 30ರಂದು ಅವರು ತೀರಿಕೊಂಡಾಗ ಆ ಕೈಗಳೇ ಅವರನ್ನು ಎತ್ತಿಕೊಂಡು ನಡೆದವು.